ಸಂಕ್ರಾಂತಿಗೆ ಮಕ್ಕಳೇ ಮಾಡಿದ ಎಳ್ಳು-ಬೆಲ್ಲದ ಚೀಲ: ಸೊಟ್ಟಗಿದ್ರೂ ಪರವಾಗಿಲ್ಲ

ಡಿಸೆಂಬರ್ ಕೊನೇ ವಾರ ಬಂತು ಅಂದ್ರೆ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್‌ಗಳಲ್ಲಿ ಎಳ್ಳು-ಬೆಲ್ಲದ ಆರ್ಡರ್ ಶುರು. ಕಾಲು ಕೆಜಿಗೆ ಇಷ್ಟು, ಅರ್ಧ ಕೆಜಿಗೆ ಇಷ್ಟು, ಸಕ್ಕರೆ ಅಚ್ಚು ಬೇರೆ, ಜಿಪ್ ಇರೋ ಪ್ಲಾಸ್ಟಿಕ್ ಪೌಚ್ ಬೇರೆ. ಹಬ್ಬದ ದಿನ ಆ ಪೌಚ್‌ಗಳು ಲಿಫ್ಟ್ ಪಕ್ಕದ ಟೇಬಲ್ ಮೇಲೋ, ಸೆಕ್ಯೂರಿಟಿಯವರ ಹತ್ತಿರವೋ ಸಾಲಾಗಿ ಕೂತಿರುತ್ತವೆ. ಮೇಲೆ ಫ್ಲ್ಯಾಟ್ ನಂಬರ್ ಬರೆದ ಸ್ಟಿಕ್ಕರ್. ಆಫೀಸಿಗೆ ಹೋಗುವಾಗ ಒಂದು ಎತ್ತಿಕೊಂಡು ಹೋದ್ರೆ ಹಬ್ಬ ಆಯ್ತು.

ಎಲ್ಲರಿಗೂ ಕೆಲಸ ಇದೆ, ಯಾರನ್ನೂ ದೂರೋ ಹಾಗಿಲ್ಲ. ನಾನೂ ಸಾಫ್ಟ್‌ವೇರ್ ಕೆಲಸದವನೇ. ಜನವರಿ ಮಧ್ಯದಲ್ಲಿ ರಿಲೀಸ್ ಬಂದ್ರೆ ಹಬ್ಬ ಯಾವ ದಿನ ಅನ್ನೋದೇ ಮರೆತುಹೋಗತ್ತೆ. ಆದ್ರೆ ನಮ್ಮಲ್ಲಿ ಎಳ್ಳನ್ನ 'ಕೊಡೋದು' ಅನ್ನಲ್ಲ, 'ಬೀರೋದು' ಅಂತೀವಿ. ಯಾರೋ ಒಬ್ಬರು ತಟ್ಟೆ ಹಿಡ್ಕೊಂಡು ಮನೆಯಿಂದ ಮನೆಗೆ ಹೋಗಬೇಕು, ಬಾಗಿಲು ತಟ್ಟಬೇಕು, ನಾಲ್ಕು ಮಾತಾಡಬೇಕು. ಹಳೇ ಮೈಸೂರು ಕಡೆ ಆ 'ಯಾರೋ' ಬಹುಮಟ್ಟಿಗೆ ಮಕ್ಕಳೇ ಆಗಿದ್ರು. ಪೌಚು, ಸ್ಟಿಕ್ಕರು, ಟೇಬಲ್ಲು ಬಂದ ಮೇಲೆ ಮೊದಲು ಕೆಲಸ ಕಳ್ಕೊಂಡೋರು ಅವರು.

ಹೋದ ಸಂಕ್ರಾಂತಿಗೆ ಅಕ್ಕನ ಇಬ್ಬರು ಮಕ್ಕಳ ಜೊತೆ ಕೂತು ಇಪ್ಪತ್ತನಾಲ್ಕು ಕಾಗದದ ಚೀಲ ಮಾಡಿದೆ. ದೊಡ್ಡವಳಿಗೆ ಏಳು ವರ್ಷ, ಚಿಕ್ಕವನಿಗೆ ನಾಲ್ಕು. ಮೂರು ಸಂಜೆ, ದಿನಕ್ಕೆ ಮುಕ್ಕಾಲು ಗಂಟೆ. ಖರ್ಚು ಇನ್ನೂರು ರೂಪಾಯಿ ಒಳಗೆ. ಚೀಲ ಮಾಡೋದು ದೊಡ್ಡ ವಿದ್ಯೆ ಏನಲ್ಲ, ಕೆಳಗೆ ಪೂರ್ತಿ ಬರೆದಿದ್ದೀನಿ. ಆದ್ರೆ ಚೀಲ ಮಾಡಿದ ಮಕ್ಕಳು ಹಬ್ಬದಲ್ಲಿ ನಿಂತ ರೀತಿಯೇ ಬೇರೆ ಇತ್ತು. ಈ ಬರಹ ಅದಕ್ಕೋಸ್ಕರ.

ಏನೇನು ಬೇಕು

ಎ4 ಅಳತೆಯ ಕಂದು ಬಣ್ಣದ ಕಾಗದ, ಚೀಲಕ್ಕೆ ಒಂದು ಹಾಳೆ. ಪುಸ್ತಕಕ್ಕೆ ಬೈಂಡ್ ಹಾಕೋ ದಪ್ಪ ಕಾಗದವೂ ಆಗತ್ತೆ, ಆದ್ರೆ ಮೇಣದ ಹಾಗೆ ಹೊಳೆಯೋದು ಬೇಡ; ಅದರ ಮೇಲೆ ಅಂಟು ನಿಲ್ಲಲ್ಲ, ಬಣ್ಣವೂ ಹಿಡಿಯಲ್ಲ. ಬೆಂಗಳೂರಲ್ಲಿ ಅವೆನ್ಯೂ ರೋಡು, ಸುಲ್ತಾನ್‌ಪೇಟೆ ಕಡೆ ಹೋದ್ರೆ ಕಾಗದ ಸಗಟಾಗಿ ಸಿಗತ್ತೆ. ಇಲ್ಲಾಂದ್ರೆ ಮನೆ ಹತ್ತಿರದ ಸ್ಟೇಷನರಿ ಅಂಗಡಿ ಸಾಕು.

ಅಭ್ಯಾಸಕ್ಕೆ ಹಳೇ ನ್ಯೂಸ್‌ಪೇಪರ್. ಅಭ್ಯಾಸಕ್ಕೆ ಮಾತ್ರ. ಯಾಕೆ ಅಂತ ಮುಂದೆ ಹೇಳ್ತೀನಿ.

ಒಂದು ಸ್ಕೇಲು, ಪೆನ್ಸಿಲ್ಲು, ಮಕ್ಕಳ ಮೊಂಡು ಕತ್ತರಿ, ಸೆಣಬಿನ ದಾರ, ಒಳಗೆ ಸುತ್ತೋಕೆ ಬಟರ್ ಪೇಪರ್, ಅಲಂಕಾರಕ್ಕೆ ಪೋಸ್ಟರ್ ಬಣ್ಣ.

ಅಂಟು ಮನೆಯಲ್ಲೇ ಕಾಯಿಸಿ. ಎರಡು ದೊಡ್ಡ ಚಮಚ ಮೈದಾ, ಒಟ್ಟು ಮುಕ್ಕಾಲು ಕಪ್ ನೀರು. ಮೊದಲು ಸ್ವಲ್ಪ ತಣ್ಣೀರಲ್ಲಿ ಮೈದಾನ ಗಂಟಿಲ್ಲದ ಹಾಗೆ ಕಲಸಿ, ಉಳಿದ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಬಿಡದೆ ತಿರುಗಿಸಿ. ಬಿಳಿ ಬಣ್ಣ ಹೋಗಿ ಗಂಜಿ ತರ ಆದ್ರೆ ಇಳಿಸಿ, ಪೂರ್ತಿ ಆರಿದ ಮೇಲೆ ಮಕ್ಕಳ ಕೈಗೆ ಕೊಡಿ. ಬ್ರಷ್ ಬೇಡ, ಬೆರಳೇ ಸಾಕು. ಈ ಅಂಟು ಹೊರಗಿಟ್ರೆ ಒಂದು ದಿನಕ್ಕೆ ಹುಳಿ ಬರತ್ತೆ, ಅವತ್ತಿನದು ಅವತ್ತೇ ಮಾಡ್ಕೊಳ್ಳಿ. ಹಳೇ ಕಾಲದ ಬೈಂಡಿಂಗ್‌ನವರು ಹುಳ ಬರದಿರಲಿ ಅಂತ ಇದಕ್ಕೆ ಮೈಲುತುತ್ತ ಹಾಕ್ತಿದ್ರು. ಮೈಲುತುತ್ತ ವಿಷ. ಮಕ್ಕಳು ಮುಟ್ಟೋ ಅಂಟಿಗೆ, ತಿಂಡಿ ಇಡೋ ಚೀಲಕ್ಕೆ ಅದು ಬೇಡವೇ ಬೇಡ.

ಸ್ಟೇಪ್ಲರ್ ಕೂಡ ಬೇಡ. ಪಿನ್ನು ಕಳಚಿ ಎಳ್ಳಿನ ಒಳಗೆ ಬಿದ್ರೆ ಯಾರ ಕಣ್ಣಿಗೂ ಕಾಣಲ್ಲ.

ಚೀಲ ಮಡಿಸೋದು ಹೀಗೆ

1. ಹಾಳೆಯನ್ನ ಅಡ್ಡಡ್ಡ ಇಟ್ಕೊಳ್ಳಿ, ಉದ್ದದ ಅಂಚು ಮೇಲೆ-ಕೆಳಗೆ ಬರೋ ಹಾಗೆ. ಮೇಲಿನ ಅಂಚನ್ನ 2 ಸೆಂ.ಮೀ. ಒಳಕ್ಕೆ ಮಡಚಿ ಅಂಟಿಸಿ. ಇದು ಚೀಲದ ಬಾಯಿ. ಮಡಚಿದ್ರೆ ಹರಿಯಲ್ಲ.

2. ಹಾಳೆ ತಿರುಗಿಸಬೇಡಿ, ಆ ಮಡಿಕೆ ಒಳಗೇ ಉಳೀಬೇಕು. ಎಡ-ಬಲ ಎರಡೂ ಬದಿಯನ್ನ ನಡುವಿಗೆ ತನ್ನಿ. ಒಂದರ ಮೇಲೊಂದು ಒಂದೂವರೆ ಸೆಂ.ಮೀ. ಕೂರಬೇಕು. ಅಲ್ಲಿ ಅಂಟು. ಈಗ ಎರಡೂ ಕಡೆ ತೆರೆದ, ಸುಮಾರು 14 ಸೆಂ.ಮೀ. ಅಗಲದ ಒಂದು ಚಪ್ಪಟೆ ಕೊಳವೆ ಆಯ್ತು.

3. ಕೆಳಗಿನ ಭಾಗವನ್ನ 5 ಸೆಂ.ಮೀ. ಮೇಲಕ್ಕೆ ಮಡಚಿ, ಉಗುರಲ್ಲಿ ಗೀರಿ.

4. ಈಗ ಮಡಚಿದ ಭಾಗದ ಎರಡು ಪದರದ ನಡುವೆ ಬೆರಳು ಹಾಕಿ ಬಿಡಿಸಿ, ಮೇಲಿನ ಪದರವನ್ನ ಕೆಳಕ್ಕೆ ಎಳೆಯಿರಿ. ಎಡ-ಬಲದಲ್ಲಿ ಎರಡು ತ್ರಿಕೋನ ತಾವಾಗೇ ಕೂರುತ್ತವೆ.

5. ಮೇಲಿನ ತುದಿಯನ್ನ ನಡುಗೆರೆ ದಾಟಿ ಸ್ವಲ್ಪ ಕೆಳಕ್ಕೆ, ಕೆಳಗಿನ ತುದಿಯನ್ನ ನಡುಗೆರೆ ದಾಟಿ ಸ್ವಲ್ಪ ಮೇಲಕ್ಕೆ ಮಡಚಿ. ಎರಡೂ ಒಂದು ಸೆಂ.ಮೀ.ನಷ್ಟು ಒಂದರ ಮೇಲೊಂದು ಬರಬೇಕು. ಅಂಟಿಸಿ, ಮೇಲೆ ಒಂದು ದಪ್ಪ ಪುಸ್ತಕ ಇಟ್ಟು ಅರ್ಧ ಗಂಟೆ ಬಿಡಿ.

6. ಒಳಗೆ ಕೈ ಹಾಕಿ ತಳವನ್ನ ಒತ್ತಿ ನಿಲ್ಲಿಸಿ. 16 ಸೆಂ.ಮೀ. ಎತ್ತರದ, ತನ್ನ ಕಾಲ ಮೇಲೆ ತಾನು ನಿಲ್ಲೋ ಚೀಲ ರೆಡಿ. ಬಾಯಿ ಹತ್ತಿರ ಎರಡು ತೂತು ಮಾಡಿ ದಾರ ಪೋಣಿಸಿ. ನೂರು ಗ್ರಾಂ ಎಳ್ಳು-ಬೆಲ್ಲ, ಎರಡು-ಮೂರು ಸಕ್ಕರೆ ಅಚ್ಚು ಆರಾಮಾಗಿ ಹಿಡಿಯತ್ತೆ.

ಮೊದಲ ಸಲ ನಾಲ್ಕನೇ ಹೆಜ್ಜೆಯಲ್ಲಿ ಎಲ್ಲರಿಗೂ ಗೊಂದಲ ಆಗತ್ತೆ, ಅದಕ್ಕೇ ನ್ಯೂಸ್‌ಪೇಪರಲ್ಲಿ ಒಂದೆರಡು ಮಾಡಿ ನೋಡಿ ಅಂದಿದ್ದು. ಕೈಗೆ ಒಮ್ಮೆ ಕೂತರೆ ಮತ್ತೆ ಮರೆಯಲ್ಲ.

ಈ ಚಪ್ಪಟೆ ತಳಕ್ಕೆ ಒಂದು ಕತೆ ಇದೆ, ಅಂಟು ಒಣಗೋವಾಗ ಮಕ್ಕಳಿಗೆ ಹೇಳಬಹುದು. ಅಮೆರಿಕದಲ್ಲಿ 1860ರ ದಶಕದಲ್ಲಿ ಕಾಗದದ ಚೀಲದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಮಾರ್ಗರೆಟ್ ನೈಟ್ ಅನ್ನೋ ಹೆಣ್ಣುಮಗಳು, ಚಪ್ಪಟೆ ತಳದ ಚೀಲವನ್ನ ತಾನೇ ಮಡಚಿ ಅಂಟಿಸೋ ಯಂತ್ರ ಕಟ್ಟಿದಳು. ಅದಕ್ಕೆ ಮುಂಚೆ ಯಂತ್ರದಿಂದ ಬರ್ತಿದ್ದದ್ದು ಲಕೋಟೆ ತರದ ಚೀಲ, ಚಪ್ಪಟೆ ತಳ ಬೇಕಂದ್ರೆ ಕೈಯಲ್ಲೇ ಮಾಡಬೇಕಿತ್ತು. ಅವಳ ಯಂತ್ರದ ಮಾದರಿ ನೋಡಿದ ಚಾರ್ಲ್ಸ್ ಅನಾನ್ ಅನ್ನೋನು ತನ್ನ ಹೆಸರಲ್ಲೇ ಪೇಟೆಂಟ್ ಪಡೆಯೋಕೆ ಹೋದ. ಇವಳು ಬಿಡಲಿಲ್ಲ. ತಾನು ಬರೆದಿಟ್ಟ ನಕ್ಷೆಗಳನ್ನ ಮುಂದಿಟ್ಟು ವಾದ ಮಾಡಿ ಗೆದ್ದಳು. 1871ರಲ್ಲಿ ಪೇಟೆಂಟ್ ಅವಳ ಹೆಸರಿಗೇ ಬಂತು.

ಕತೆ ಕೇಳಿದ ದೊಡ್ಡವಳು ತಾನು ಮಾಡಿದ ಪ್ರತಿ ಚೀಲದ ತಳದಲ್ಲೂ ಪೆನ್ಸಿಲಲ್ಲಿ ಹೆಸರು ಬರೆಯೋಕೆ ಶುರು ಮಾಡಿದಳು. "ಯಾಕೇ?" ಅಂದೆ. "ತಮ್ಮ ತಂದು ಅಂದ್ಬಿಟ್ರೆ?" ಅಂದಳು.

ಯಾರಿಗೆ ಯಾವ ಕೆಲಸ

ನಮ್ಮಂಥ ಎಂಜಿನಿಯರ್‌ಗಳಿಗೆ ಇಪ್ಪತ್ತನಾಲ್ಕು ಚೀಲ ಅಂದ ತಕ್ಷಣ ತಲೆಗೆ ಬರೋದು ಅಸೆಂಬ್ಲಿ ಲೈನ್: ಒಬ್ಬ ಮಡಚೋದು, ಒಬ್ಬ ಅಂಟು ಹಚ್ಚೋದು, ಒಬ್ಬ ದಾರ ಕಟ್ಟೋದು. ಬೇಗ ಮುಗಿಯತ್ತೆ ನಿಜ. ಆದ್ರೆ ನಾಲ್ಕು ವರ್ಷದ ಮಗುವಿಗೆ ಸಾಲಾಗಿ ಇಪ್ಪತ್ತನಾಲ್ಕು ಮಡಿಕೆಗೆ ಅಂಟು ಹಚ್ಚು ಅಂದ್ರೆ ಅದು ಆಟ ಅಲ್ಲ, ಶಿಕ್ಷೆ. ಹಾಗಾಗಿ ಮೊದಲ ಸಂಜೆ ಪ್ರತಿಯೊಬ್ಬರೂ ಒಂದೊಂದು ಚೀಲ ಮೊದಲಿಂದ ಕೊನೆಯವರೆಗೆ ಮಾಡೋದು ಅಂತ ಇಟ್ಕೊಂಡ್ವಿ. ಒಂದು ಪೂರ್ತಿ ಚೀಲ ತನ್ನ ಕೈಯಲ್ಲೇ ಎದ್ದು ನಿಂತದ್ದು ನೋಡಿದ ಮೇಲೆ, ಯಾವ ಕೆಲಸ ತನಗಿಷ್ಟ ಅಂತ ಮಗುವೇ ಹೇಳತ್ತೆ.

ಸುಮಾರಾಗಿ ಹೇಳೋದಾದ್ರೆ:

ಮೂರರಿಂದ ಐದು ವರ್ಷ: ಬೆರಳಲ್ಲಿ ಅಂಟು ಹಚ್ಚೋದು, ಮಡಿಕೆಯನ್ನ ಅಂಗೈಲಿ ತಿಕ್ಕೋದು, ಬಣ್ಣದ ಅಚ್ಚು ಒತ್ತೋದು, ಆರಿದ ಚೀಲದೊಳಗೆ ಕೈ ಹಾಕಿ ನಿಲ್ಲಿಸೋದು. ಕೊನೆಯದು ಇವರಿಗೆ ಬಹಳ ಇಷ್ಟ, ದೊಡ್ಡವರ ಕೈ ಅಷ್ಟು ಸಲೀಸಾಗಿ ಒಳಗೆ ಹೋಗೋದೂ ಇಲ್ಲ.

ಆರರಿಂದ ಎಂಟು: ಸ್ಕೇಲಿಟ್ಟು ಅಳೆದು ಗೆರೆ ಹಾಕೋದು, ಮಡಚೋದು, ದಾರ ಕತ್ತರಿಸೋದು, ಮೇಲೆ ಬರೆಯೋದು. 5 ಸೆಂ.ಮೀ. ಅಂದ್ರೆ ಎಷ್ಟು ಅಂತ ಪುಸ್ತಕದಲ್ಲಿ ಓದಿದ್ದು ಇಲ್ಲಿ ಕೈಗೆ ಸಿಗತ್ತೆ. ಐದರ ಬದಲು ನಾಲ್ಕು ತಗೊಂಡ್ರೆ ತಳ ಕಿರಿದಾಗಿ ಚೀಲ ಮುಗ್ಗರಿಸತ್ತೆ. ಯಾಕೆ ಬಿತ್ತು ಅಂತ ಅವರೇ ಹುಡುಕಲಿ, ನೀವು ಹೇಳಬೇಡಿ.

ದೊಡ್ಡವರು: ಒಲೆ ಹತ್ತಿರದ ಕೆಲಸ, ತೂತು ಹಾಕೋದು, ಮತ್ತೆ ಫೋನ್ ಪಕ್ಕಕ್ಕಿಡೋದು. ಮೂರನೆಯದು ಎಲ್ಲಕ್ಕಿಂತ ಕಷ್ಟ.

ಮುಕ್ಕಾಲು ಗಂಟೆಗಿಂತ ಹೆಚ್ಚು ಎಳೆಯಬೇಡಿ. ಮಕ್ಕಳು "ಇನ್ನೊಂದು" ಅನ್ನುವಾಗಲೇ ನಿಲ್ಲಿಸಿದ್ರೆ ಮಾರನೇ ದಿನ ಅವರೇ ಕಾಗದ ತಂದು ಮುಂದೆ ಕೂರ್ತಾರೆ.

ಬೆಂಡೆಕಾಯಿ ಹೂವು, ಹೆಬ್ಬೆಟ್ಟಿನ ಹಕ್ಕಿ

ಅಲಂಕಾರಕ್ಕೆ ಅಂಗಡಿ ಸ್ಟಿಕ್ಕರ್ ತರಬೇಡಿ, ಅಡುಗೆಮನೆಗೆ ಹೋಗಿ. ಬಲಿತ ಬೆಂಡೆಕಾಯಿಯನ್ನ ಅಡ್ಡ ಕತ್ತರಿಸಿ ಬಣ್ಣಕ್ಕೆ ಅದ್ದಿ ಒತ್ತಿದ್ರೆ ಅಂದದ ಹೂವು. ಅರ್ಧ ಮಾಡಿದ ಆಲೂಗಡ್ಡೆಯಲ್ಲಿ ಚೌಕ ಕೆತ್ತಿ ಮೂಲೆ ಮೇಲೆ ಬರೋ ಹಾಗೆ ಒತ್ತಿ, ಬಾಲ ಎಳೆದ್ರೆ ಗಾಳಿಪಟ. ಹಸಿರು ಕಾಗದದ ಸಣ್ಣ ಪಟ್ಟಿ ಅಂಟಿಸಿ ಗಿಣ್ಣಿನ ಗೆರೆ ಹಾಕಿದ್ರೆ ಕಬ್ಬು. ಹೆಬ್ಬೆಟ್ಟು ಒತ್ತಿ ಕೊಕ್ಕು, ಕಾಲು ಬರೆದ್ರೆ ಹಕ್ಕಿ. ಚುಕ್ಕಿ ಇಟ್ಟು ಎಳೆಯೋ ಪುಟ್ಟ ರಂಗೋಲಿ ದೊಡ್ಡ ಮಕ್ಕಳಿಗೆ. ಹಸು ಅಂತೂ ಬೇಕೇ ಬೇಕು. ಮಂಡ್ಯ, ಮೈಸೂರು ಕಡೆ ಸಂಕ್ರಾಂತಿ ಸಂಜೆ ಹಸು-ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕಿಚ್ಚು ಹಾಯಿಸ್ತಾರೆ. ನಮ್ಮಮ್ಮ ಹುಟ್ಟಿದ್ದು ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ. ಬೆಂಕಿ ಹಾರೋ ಎತ್ತಿನ ಕತೆ ಅವರ ಬಾಯಲ್ಲಿ ಕೇಳಿದ ಮೇಲೆ ಚಿಕ್ಕವನ ಎಲ್ಲಾ ಚೀಲದ ಮೇಲೂ ಹಸುವೇ.

ಗ್ಲಿಟರ್ ಮಾತ್ರ ಬೇಡ. ಅದು ಪ್ಲಾಸ್ಟಿಕ್ಕಿನ ಪುಡಿ, ಉದುರಿ ಕೈಗೆ, ಕೈಯಿಂದ ಬಾಯಿಗೆ ಹೋಗತ್ತೆ. ಥರ್ಮೋಕೋಲ್ ಕೂಡ ಬೇಡ. ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಬಂದಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲೂ ಇದೆ, ಸಿಹಿ ಡಬ್ಬಿಗೆ ಸುತ್ತೋ ಪ್ಲಾಸ್ಟಿಕ್ ಹಾಳೆಯೂ ಇದೆ.

ಒತ್ತಕ್ಷರದ ಹಬ್ಬ

ಇದು ನಾವು ಯೋಚಿಸಿ ಮಾಡಿದ್ದಲ್ಲ, ತಾನಾಗೇ ಆಯ್ತು. ದೊಡ್ಡವಳು ಓದೋದು ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡ್ತಾಳೆ, ಬರೆಯೋಕೆ ಕೂತರೆ ಒತ್ತಕ್ಷರ ಬಂದಲ್ಲಿ ಪೆನ್ಸಿಲ್ ಕಚ್ಚೋಕೆ ಶುರು. ಚೀಲದ ಮೇಲೆ ಒಳಗೇನಿದೆ ಅಂತ ಬರೀಬೇಕು ಅಂದಾಗ ಮೊದಲು "ಇಂಗ್ಲಿಷಲ್ಲಿ ಬರೀಲಾ ಮಾಮ?" ಅಂದಳು. "ಎಳ್ಳನ್ನ ಇಂಗ್ಲಿಷಲ್ಲಿ ಬರೆದ್ರೆ 'ಎಲ್ಲು' ಅಂತ ಓದ್ತಾರೆ, ನೋಡು" ಅಂದೆ. ನಕ್ಕಳು, ಸರಿ ಅಂದಳು.

ಪಟ್ಟಿ ಮಾಡ್ತಾ ಹೋದ ಹಾಗೆ ನನಗೇ ಆಶ್ಚರ್ಯ ಆಯ್ತು. ಎಳ್ಳು, ಬೆಲ್ಲ, ಕಬ್ಬು, ಕೊಬ್ಬರಿ, ಸಕ್ಕರೆ, ಅಚ್ಚು, ಹಣ್ಣು, ಹಬ್ಬ. ಎಲ್ಲವೂ ಅದೇ ಅಕ್ಷರಕ್ಕೆ ಅದೇ ಅಕ್ಷರದ ಒತ್ತು. ಸಂಕ್ರಾಂತಿ ತಟ್ಟೆಯಲ್ಲಿ ಒತ್ತಿಲ್ಲದೆ ತಪ್ಪಿಸಿಕೊಂಡದ್ದು ಕಡಲೆಕಾಯಿ, ಹುರಿಗಡಲೆ ಎರಡೇ! ಇಪ್ಪತ್ತನಾಲ್ಕು ಚೀಲದ ಮೇಲೆ 'ಎಳ್ಳು-ಬೆಲ್ಲ' ಅಂತ ಬರೆಯೋ ಹೊತ್ತಿಗೆ ಳ ಒತ್ತು, ಲ ಒತ್ತು ಎರಡೂ ಬೆರಳಿಗೆ ಇಳಿದಿತ್ತು. ಇದೇ ಪದಗಳನ್ನ ಕಾಪಿ ಪುಸ್ತಕದಲ್ಲಿ ಇಪ್ಪತ್ತನಾಲ್ಕು ಸಲ ಬರಿ ಅಂದಿದ್ರೆ ಮನೆಯಲ್ಲಿ ಯುದ್ಧ ಆಗ್ತಿತ್ತು. ಇಲ್ಲಿ ಓದೋರು ಟೀಚರ್ ಅಲ್ಲ, ಎದುರು ಮನೆ ಅಜ್ಜಿ. ತಪ್ಪು ಬರೆದ್ರೆ ಅಜ್ಜಿಗೆ ಗೊತ್ತಾಗತ್ತೆ ಅನ್ನೋದು ಅವಳಿಗೆ ಅಂಕಕ್ಕಿಂತ ದೊಡ್ಡದಾಗಿ ಕಂಡಿತು.

ಬೇರೆ ರಾಜ್ಯದಲ್ಲೋ, ದೇಶದ ಹೊರಗೋ ಇರೋ ಕನ್ನಡದ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಬರೆಸೋಕೆ ನೆಪ ಹುಡುಕ್ತಿದ್ರೆ, ಇದಕ್ಕಿಂತ ಸಿಹಿಯಾದ ನೆಪ ಸಿಗಲಿಕ್ಕಿಲ್ಲ.

ಒಳಗೆ ತುಂಬೋ ಮುಂಚೆ

ಇಲ್ಲಿ ಸ್ವಲ್ಪ ಗಮನ ಬೇಕು.

ಒಂದು, ನ್ಯೂಸ್‌ಪೇಪರ್ ಚೀಲದಲ್ಲಿ ತಿನ್ನೋದನ್ನ ಹಾಕಬೇಡಿ. ಮುದ್ರಣದ ಶಾಯಿ ತಿಂಡಿಗೆ ಅಂಟತ್ತೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳ ಪ್ರಕಾರ ತಿನ್ನೋ ವಸ್ತುವನ್ನ ನ್ಯೂಸ್‌ಪೇಪರಲ್ಲಿ ಕಟ್ಟೋ ಹಾಗಿಲ್ಲ. ಹಳೇ ದಿನಗಳ ಕಡಲೆಕಾಯಿ ಪೊಟ್ಟಣ ನೆನಪಿಗೆ ಚೆಂದ, ಹೊಟ್ಟೆಗಲ್ಲ.

ಎರಡು, ಕಂದು ಚೀಲದೊಳಗೂ ಎಳ್ಳು-ಬೆಲ್ಲವನ್ನ ನೇರವಾಗಿ ಸುರಿಯಬೇಡಿ. ಬೆಲ್ಲ ಗಾಳಿಯ ತೇವ ಎಳ್ಕೊಳ್ಳತ್ತೆ, ಕೊಬ್ಬರಿ ಮತ್ತು ಎಳ್ಳಿನ ಎಣ್ಣೆ ಕಾಗದಕ್ಕೆ ಇಳಿಯತ್ತೆ. ಬಟರ್ ಪೇಪರಲ್ಲಿ ಪೊಟ್ಟಣ ಕಟ್ಟಿ ಒಳಗಿಡಿ. ಬೆಲ್ಲದ ಚೂರು, ಕೊಬ್ಬರಿ ಚೂರು ಎರಡನ್ನೂ ಬಿಸಿಲಿಗೆ ಒಣಗಿಸಿ, ಹುರಿದ ಎಳ್ಳು, ಕಡಲೆಕಾಯಿ ಪೂರ್ತಿ ಆರಿದ ಮೇಲೇ ಬೆರೆಸಿ. ಚೀಲಕ್ಕೆ ತುಂಬೋದು ಹಬ್ಬದ ಹಿಂದಿನ ರಾತ್ರಿ ಇರಲಿ.

ಮೂರು, ಕಬ್ಬಿನ ತುಂಡು, ಎಲಚಿ ಹಣ್ಣು ಚೀಲದೊಳಗೆ ಬೇಡ. ರಸ ಬಿಟ್ಟು ತಳ ಕಳಚತ್ತೆ. ಅವನ್ನ ತಟ್ಟೆಯಲ್ಲಿಟ್ಟು ಕೈಗೇ ಕೊಡಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜ, ಗಟ್ಟಿ ಕೊಬ್ಬರಿ ಚೂರು ಕೊಡಬಾರದು. ಗಂಟಲಿಗೆ, ಶ್ವಾಸನಾಳಕ್ಕೆ ಸಿಕ್ಕಿಕೊಳ್ಳೋ ಅಪಾಯ ಇದೆ. ಅಂಥ ಮಗು ಇರೋ ಮನೆಗೆ ಎಳ್ಳು-ಬೆಲ್ಲವನ್ನ ಮಿಕ್ಸಿಯಲ್ಲಿ ಪುಡಿ ಮಾಡಿ ಬೇರೆ ಚೀಲದಲ್ಲಿ ಕೊಡಿ. ಪುಡಿ ರುಚಿಯೇನೂ ಕಮ್ಮಿ ಇರಲ್ಲ, ಹಲ್ಲಿಲ್ಲದ ಅಜ್ಜ-ಅಜ್ಜಿಯರಿಗೂ ಅದೇ ಇಷ್ಟ. ಇನ್ನು ಕಡಲೆಕಾಯಿ ಅಥವಾ ಎಳ್ಳು ಕೆಲವರಿಗೆ ಅಲರ್ಜಿ. ನಮ್ಮ ಚೀಲದ ಹಿಂದೆ ಒಳಗಿನ ಐದೂ ವಸ್ತು ಬರೆಸಿದ್ವಿ, ಪಕ್ಕದಲ್ಲಿ ಚಿಕ್ಕವನು ಬರೆದ ಕಡಲೆಕಾಯಿ ಚಿತ್ರ. ಅದು ಡಂಬೆಲ್ ತರ ಕಾಣ್ತಿತ್ತು, ಆದ್ರೆ ಅಕ್ಷರ ಇತ್ತಲ್ಲ.

ಐದು ಕಾಲಿನ ಹಸು

ಮೂರನೇ ಸಂಜೆ ಚೀಲಗಳನ್ನ ಸೋಫಾ ಮೇಲೆ ಸಾಲಾಗಿ ನಿಲ್ಲಿಸಿದ್ವಿ. ಹತ್ತು-ಹನ್ನೆರಡು ನೇರವಾಗಿದ್ವು. ಉಳಿದವು ಒಂದೊಂದೂ ಒಂದೊಂದು ಕಡೆ ವಾಲಿದ್ವು. ಒಂದರ ಮೇಲೆ ಐದು ಕಾಲಿನ ಹಸು. ಐದನೆಯದು ಬಾಲ ಅಂತೆ, ಅವಸರದಲ್ಲಿ ಕೆಳಗೆ ಬಂದಿದೆ ಅಂತೆ.

ಮಕ್ಕಳು ಮಲಗಿದ ಮೇಲೆ ಅಕ್ಕ ಆ ಚೀಲ ಎತ್ತಿ ನೋಡಿದಳು.

"ಇದನ್ನ ನಮ್ಮತ್ತೆ ಮನೆಗೆ ಕೊಡೋಕಾಗುತ್ತೇನೋ? ಚೆನ್ನಾಗಿರೋದು ನಾಲ್ಕು ನೀನೇ ಮಾಡ್ಬಿಡು. ಇವನ್ನ ನಾವೇ ಇಟ್ಕೊಳ್ಳೋಣ."

"ಬೆಳಿಗ್ಗೆ ಅವನು ಎಣಿಸ್ತಾನೆ ಅಕ್ಕ."

"ಅವನಿಗೆ ಇಪ್ಪತ್ತರ ಮೇಲೆ ಎಣಿಸೋಕೇ ಬರಲ್ಲ."

"ಹಸು ಎಣಿಸೋಕೆ ಬರತ್ತೆ."

ಅಕ್ಕ ಸುಮ್ಮನಾದಳು. ಅವಳ ಕಷ್ಟ ನನಗೆ ಅರ್ಥ ಆಗತ್ತೆ. ಮದುವೆಯಾಗಿ ಹತ್ತು ವರ್ಷ ಆದ್ರೂ ಅತ್ತೆ ಮನೆಗೆ ಹೋಗೋ ಸಾಮಾನು ಅಂದ್ರೆ ಅವಳಿಗೆ ಒಂದು ಅಳುಕು. ಹಬ್ಬದ ಕೊಡು-ತಗೋಳೋದರಲ್ಲಿ ನಮ್ಮ ಮನೆಗಳ ಮಾನ-ಮರ್ಯಾದೆ ಎಲ್ಲಾ ಅಡಗಿ ಕೂತಿರತ್ತೆ. ಬೆಲ್ಲದ ಚೂರು ಎಷ್ಟು ಸಣ್ಣಗಿದೆ, ಕೊಬ್ಬರಿಯ ಕಪ್ಪು ಸಿಪ್ಪೆ ಪೂರ್ತಿ ಹೆರೆದಿದ್ದಾರಾ ಅಂತ ನೋಡೋ ಕಣ್ಣುಗಳಿವೆ. ಅಮ್ಮ ಹಬ್ಬಕ್ಕೆ ವಾರ ಮುಂಚೆಯಿಂದ ಕೂತು ಬೆಲ್ಲ ಚೂರು ಮಾಡ್ತಿದ್ದದ್ದು ರುಚಿಗೆ ಮಾತ್ರ ಅಲ್ಲ, ಹೆಸರಿಗೂ ಹೌದು.

ಆದ್ರೆ ಮಗು ಮಲಗಿದ ಮೇಲೆ ಅದರ ಕೆಲಸವನ್ನ ನಾವು ತಿದ್ದಿದ್ರೆ ಬೆಳಿಗ್ಗೆ ಅದಕ್ಕೆ ಗೊತ್ತಾಗದೇ ಇರಲ್ಲ. ಬಾಯಿಬಿಟ್ಟು ಹೇಳಲಿಕ್ಕಿಲ್ಲ, ಅಷ್ಟೇ. ಮುಂದಿನ ವರ್ಷ ಕರೆದ್ರೆ "ನೀವೇ ಮಾಡಿ, ನಂಗೆ ಬರಲ್ಲ" ಅನ್ನತ್ತೆ. ಆಮೇಲೆ ನಾವೇ "ಈಗಿನ ಮಕ್ಕಳಿಗೆ ಹಬ್ಬದಲ್ಲಿ ಆಸಕ್ತಿನೇ ಇಲ್ಲ" ಅಂತೀವಿ. ನೇರವಾದ ಚೀಲ ಬೇಕಿದ್ರೆ ಅಂಗಡಿಯಲ್ಲಿ ಬೇಕಾದಷ್ಟಿದೆ. ಮಕ್ಕಳ ಜೊತೆ ಕೂತು ಮಾಡಿದ್ದಾದ್ರೆ, ಅದು ಹೇಗಿದೆಯೋ ಹಾಗೇ ಮನೆ ದಾಟಬೇಕು.

ನಾನು ಹೊಸದು ಮಾಡಲಿಲ್ಲ. ಐದು ಕಾಲಿನ ಹಸು ಅಕ್ಕನ ಅತ್ತೆ ಮನೆಗೇ ಹೋಯ್ತು. ಅವರು ಎಳ್ಳು-ಬೆಲ್ಲ ಡಬ್ಬಿಗೆ ಹಾಕ್ಕೊಂಡು, ಚೀಲವನ್ನ ಕ್ಯಾಲೆಂಡರ್ ಮೊಳೆಗೆ ನೇತುಹಾಕಿ ಅದರಲ್ಲಿ ಕರೆಂಟ್ ಬಿಲ್ಲು, ಗ್ಯಾಸ್ ರಸೀತಿ ಇಡೋಕೆ ಶುರು ಮಾಡಿದ್ದಾರೆ. ಯಾರಾದ್ರೂ ಮನೆಗೆ ಬಂದ್ರೆ "ನಮ್ಮೊಮ್ಮಗ ಮಾಡಿದ್ದು, ಕಾಲು ಎಣಿಸಿ" ಅಂತಾರಂತೆ. ಅಕ್ಕ ಈ ಸುದ್ದಿ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಬಾಗಿಲ ಮುಂದೆ

ಹಬ್ಬದ ಸಂಜೆ ದೊಡ್ಡವಳು ಲಂಗ-ಬ್ಲೌಸ್ ತೊಟ್ಟು ರೆಡಿಯಾದಳು. ಚಿಕ್ಕವನೂ ಚೀಲ ಹಿಡಿದು ಚಪ್ಪಲಿ ಹಾಕ್ಕೊಂಡ.

"ಗಂಡು ಹುಡುಗರು ಎಲ್ಲಾದ್ರೂ ಎಳ್ಳು ಬೀರ್ತಾರೇನೋ?" ಅಂದರು ಅಮ್ಮ.

"ನಾನೇ ಮಾಡಿದ್ದು ಅಜ್ಜಿ," ಅಂದ ಅವನು.

ಅಮ್ಮನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. "ಸರಿ, ಹೋಗಿ ಬಾ. ಬಾಗಿಲಲ್ಲಿ ಏನು ಹೇಳ್ಬೇಕು?" ಅಂತ ಕೇಳಿ, "ಎಳ್ಳು-ಬೆಲ್ಲ ತಿಂದು ಒಳ್ಳೆ ಮಾತಾಡಿ" ಅಂತ ಎರಡು ಸಲ ಹೇಳಿಸಿ ಕಳಿಸಿದರು. ಅವನ ಬಾಯಲ್ಲಿ ಅದು "ಎಳ್ಳು-ಬೆಲ್ಲ ತಿಂದು ಮಾತಾಡಿ" ಅಂತ ಅರ್ಧಕ್ಕೆ ಬಂತು. ಈ ಊರಿನ ಅಪಾರ್ಟ್‌ಮೆಂಟ್‌ಗಳಿಗೆ ಅಷ್ಟೇ ಸಾಕು ಅನ್ನಿಸ್ತು ನನಗೆ.

ನೆಲ ಮಹಡಿಯಲ್ಲಿ ಒಬ್ಬರು ರಿಟೈರ್ ಆದ ಮೇಷ್ಟ್ರು ಒಬ್ಬರೇ ಇದ್ದಾರೆ. ಲಿಫ್ಟಲ್ಲಿ ಸಿಕ್ಕರೆ ನಗ್ತಾರೆ, ಅಷ್ಟೇ ಪರಿಚಯ. ಬಾಗಿಲು ತೆಗೆದವರು ಚೀಲ ತಗೊಂಡು ಹಿಂದೆ ಮುಂದೆ ತಿರುಗಿಸಿ, ಬರೆದದ್ದನ್ನ ಜೋರಾಗಿ ಓದಿದರು. "ಕೊಬ್ಬರಿಗೆ ಬ ಒತ್ತು ಸರಿಯಾಗಿ ಹಾಕಿದ್ದೀಯಮ್ಮ, ಭೇಷ್" ಅಂದರು. ದೊಡ್ಡವಳು ಅರ್ಧ ಅಡಿ ಎತ್ತರ ಆದಳು. ಮಕ್ಕಳನ್ನ ಬರಿಗೈಲಿ ಕಳಿಸಬಾರದು ಅಂತ ಅವರು ಒಳಗೆಲ್ಲಾ ಹುಡುಕಿ ಎರಡು ಬಾಳೆಹಣ್ಣು ತಂದು ಕೊಟ್ಟರು. "ಚೀಲ ವಾಪಸ್ ಬೇಕೇನಪ್ಪ?" ಅಂತ ಕೇಳಿದಾಗ ಚಿಕ್ಕವನು ದೊಡ್ಡ ಮನುಷ್ಯನ ಹಾಗೆ "ಬೇಡ, ಅದು ನಿಮ್ಗೆ" ಅಂದ. ಈಗ ಲಿಫ್ಟಲ್ಲಿ ಸಿಕ್ಕರೆ ಮೇಷ್ಟ್ರು ಮೊದಲು ಮಾತಾಡಿಸೋದು ಮಕ್ಕಳನ್ನ, ಆಮೇಲೆ ನಮ್ಮನ್ನ.

ನಿಮ್ಮ ಕಡೆ ಬೇರೆ ತರಾನಾ?

ಧಾರವಾಡ ಕಡೆಯ ನನ್ನ ಸಹೋದ್ಯೋಗಿ ಈ ಫೋಟೋ ನೋಡಿ, "ನಮ್ಮ ಕಡೆ ಕುಸುರೆಳ್ಳು ಕೊಡ್ತೀವ್ರೀ. ಇಷ್ಟು ದೊಡ್ಡ ಚೀಲ ಎದಕ್ಕ?" ಅಂದರು. ನಿಜ. ಸಕ್ಕರೆ ಪಾಕ ಹತ್ತಿಸಿದ ಕುಸುರೆಳ್ಳು ಒಂದು ಮುಷ್ಟಿ ಕೊಟ್ರೂ ಬಹಳ. ಅಲ್ಲಿನವರು ಎ4 ಹಾಳೆಯನ್ನ ಅರ್ಧ ಕತ್ತರಿಸಿ ಅದೇ ಕ್ರಮದಲ್ಲಿ ಮಡಚಿದ್ರೆ ಪುಟ್ಟ ಚೀಲ ಬರತ್ತೆ. ತಳಕ್ಕೆ ಮಡಚೋದು 5ರ ಬದಲು 3.5 ಸೆಂ.ಮೀ. ಸಾಕು. 'ಎಳ್ಳು-ಬೆಲ್ಲ ತಗೊಂಡು ಎಳ್ಳು-ಬೆಲ್ಲದಂಗ ಇರೋಣ' ಅನ್ನೋ ಅವರ ಕಡೆಯ ಮಾತು ಚೀಲದ ಮೇಲೆ ಬರೆಸೋಕೆ ಇನ್ನೂ ಚೆಂದ. ಒತ್ತಕ್ಷರವೂ ಎರಡರಷ್ಟು.

ಇದೇ ಚೀಲ ಯುಗಾದಿಗೆ ಬೇವು-ಬೆಲ್ಲಕ್ಕೂ ಆಗತ್ತೆ, ಗೌರಿ ಹಬ್ಬದ ತಾಂಬೂಲಕ್ಕೂ ಆಗತ್ತೆ, ಹುಟ್ಟುಹಬ್ಬದ ರಿಟರ್ನ್ ಗಿಫ್ಟಿಗೂ ಆಗತ್ತೆ. ಮಡಿಕೆ ಅದೇ, ಮೇಲಿನ ಚಿತ್ರ ಬೇರೆ.

ಟೈಮೇ ಇಲ್ಲ ಅನ್ನೋರಿಗೆ

ಇಪ್ಪತ್ತನಾಲ್ಕು ಕೇಳಿ ಹೆದರಬೇಡಿ. ಸಂಕ್ರಾಂತಿ ಜನವರಿ 14 ಅಥವಾ 15. ಅದಕ್ಕೆ ಮುಂಚಿನ ಭಾನುವಾರ ಒಂದು ಗಂಟೆ ಸಿಕ್ಕರೆ ಐದು ಚೀಲ ಆಗತ್ತೆ. ಎಳ್ಳು-ಬೆಲ್ಲ ಮನೆಯಲ್ಲೇ ಮಾಡಬೇಕು ಅಂತಲೂ ಇಲ್ಲ. ಗಾಂಧಿ ಬಜಾರಲ್ಲೋ ಮಲ್ಲೇಶ್ವರದಲ್ಲೋ ನಿಮ್ಮ ಬೀದಿ ಅಂಗಡಿಯಲ್ಲೋ ಬೆರೆಸಿದ್ದೇ ಸಿಗತ್ತೆ, ತಂದು ತುಂಬಿ. ಉಳಿದ ಮನೆಗಳಿಗೆ ಬೇಕಿದ್ರೆ ರೆಡಿಮೇಡ್ ಪ್ಯಾಕೆಟ್ಟೇ ಹೋಗಲಿ.

ಆದ್ರೆ ಆ ಐದು ಚೀಲ ಸೆಕ್ಯೂರಿಟಿ ಟೇಬಲ್ ಮೇಲೆ ಕೂರೋದು ಬೇಡ. ಐದು ಮನೆ ಆರಿಸಿ, ಅದರಲ್ಲಿ ಎರಡಾದ್ರೂ ನೀವು ಇವತ್ತಿನವರೆಗೆ ಒಳಗೆ ಕಾಲಿಡದ ಮನೆ ಆಗಿರಲಿ. ಬೆಲ್ ಒತ್ತೋದು ಮಗುವಿಗೆ ಬಿಡಿ, ನೀವು ಎರಡು ಹೆಜ್ಜೆ ಹಿಂದೆ ನಿಂತುಕೊಳ್ಳಿ. ಬಾಗಿಲು ತೆಗೆದವರು ಕೇಳೇ ಕೇಳ್ತಾರೆ, "ಯಾರು ಮಾಡಿದ್ದು ಇದು?" ಅಂತ. ಆಗ ನೀವು ಉತ್ತರ ಕೊಡಬೇಡಿ.